ಕಾಲೇಜಿಗೇ ಅಂಕ ಹಾಕುವ ವಿದ್ಯಾರ್ಥಿ

ಎಂಜಿನಿಯರಿಂಗ್ ಓದುವ ಹುಡುಗನಿಗೆ ನಾಲ್ಕು ವರ್ಷಗಳಲ್ಲಿ ಎಷ್ಟು ಬಾರಿ ಅಂಕ ಬೀಳುತ್ತದೆ ಎಂಬುದನ್ನು ಯಾರೂ ಎಣಿಸಿರಲಿಕ್ಕಿಲ್ಲ. ಎಂಟು ಸೆಮಿಸ್ಟರುಗಳು, ಒಂದೊಂದರಲ್ಲೂ ಕಿರುಪರೀಕ್ಷೆಗಳು, ಅಸೈನ್‌ಮೆಂಟು, ಪ್ರಯೋಗಾಲಯದ ರೆಕಾರ್ಡು, ಮೌಖಿಕ ಪರೀಕ್ಷೆ, ಸೆಮಿನಾರು, ಕೊನೆಗೆ ಮೂರು ಗಂಟೆಯ ಲಿಖಿತ ಪರೀಕ್ಷೆ. ಹಾಜರಿಗೂ ಶೇಕಡಾವಾರು ಲೆಕ್ಕ. ಇಷ್ಟೆಲ್ಲ ಮುಗಿದು ಅವನು ಕಾಲೇಜಿನ ಗೇಟು ದಾಟುವ ಮುನ್ನ ಒಂದೇ ಒಂದು ಕಾಗದ ಎದುರು ದಿಕ್ಕಿನಿಂದ ಬರುತ್ತದೆ. ಅದರಲ್ಲಿ ಅಂಕ ಹಾಕುವವನು ವಿದ್ಯಾರ್ಥಿ, ಅಂಕ ಪಡೆಯುವುದು ಕಾಲೇಜು.

ಕಾಲೇಜುಗಳ ಭಾಷೆಯಲ್ಲಿ ಇದಕ್ಕೆ 'ಎಕ್ಸಿಟ್ ಸರ್ವೆ' ಎಂದು ಹೆಸರು. ನಾವು ನಿರ್ಗಮನ ಸಮೀಕ್ಷೆ ಎನ್ನೋಣ. ನೀನು ಪಡೆದ ಶಿಕ್ಷಣ ಹೇಗಿತ್ತು, ಪಾಠ ಹೇಗಿತ್ತು, ಪ್ರಯೋಗಾಲಯ ಹೇಗಿತ್ತು, ಒಬ್ಬ ಎಂಜಿನಿಯರಿಗೆ ಬೇಕಾದ ಗುಣಗಳು ನಿನ್ನಲ್ಲಿ ಎಷ್ಟರಮಟ್ಟಿಗೆ ಬೆಳೆದಿವೆ ಎಂದು ಕೇಳುವ ಹತ್ತಿಪ್ಪತ್ತು ಪ್ರಶ್ನೆಗಳ ಪತ್ರಿಕೆ ಅದು. ಪ್ರತಿ ಪ್ರಶ್ನೆಯ ಮುಂದೆ ಒಂದರಿಂದ ಮೂರು ಅಥವಾ ಒಂದರಿಂದ ಐದರವರೆಗೆ ಅಂಕಿಗಳು. ಬೇಕಾದುದಕ್ಕೆ ಗುರುತು ಹಾಕಿದರಾಯಿತು. ಈಗೀಗ ಕಾಗದದ ಬದಲು ಮೊಬೈಲಿನಲ್ಲೇ ತುಂಬುವ ನಮೂನೆಗಳೂ ಬಂದಿವೆ.

ಗ್ರಂಥಾಲಯದ ಬಾಕಿ ಇಲ್ಲ, ಹಾಸ್ಟೆಲಿನ ಬಾಕಿ ಇಲ್ಲ ಎಂದು ಸಹಿ ಹಾಕಿಸಿಕೊಳ್ಳುತ್ತ ಓಡಾಡುವ ಗಡಿಬಿಡಿಯಲ್ಲಿ ಐದು ನಿಮಿಷಕ್ಕೆ ತುಂಬಿ ಬಿಸಾಡುವ ಈ ಹಾಳೆಯ ಬಗ್ಗೆ ಲೇಖನ ಬರೆಯುವಷ್ಟು ಏನಿದೆ ಎಂದು ನೀವು ಕೇಳಬಹುದು. ಇದೆ. ಮಗನನ್ನೋ ಮಗಳನ್ನೋ ಯಾವ ಕಾಲೇಜಿಗೆ ಸೇರಿಸಬೇಕೆಂದು ತಲೆ ಕೆಡಿಸಿಕೊಂಡಿರುವ ಪೋಷಕರಿಗೆ ಬೇಕಾದ ಉತ್ತರ ಇರುವುದು ಬಣ್ಣದ ಕೈಪಿಡಿಯಲ್ಲಲ್ಲ, ಈ ಹಾಳೆಯಲ್ಲಿ. ಅದನ್ನು ಪ್ರಾಮಾಣಿಕವಾಗಿ ತುಂಬಿದ್ದರೆ, ಮತ್ತು ಓದುವ ಬಗೆ ನಮಗೆ ತಿಳಿದಿದ್ದರೆ.

ಎಲ್ಲಿಂದ ಬಂತು ಈ ಪದ್ಧತಿ?

ವಿದ್ಯಾರ್ಥಿಗಳಿಂದ ಪಾಠದ ಬಗ್ಗೆ ಅಭಿಪ್ರಾಯ ಕೇಳುವ ಪರಿಪಾಠ ಹೊಸದೇನಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹರ್ಮನ್ ರೆಮರ್ಸ್ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರು 1920ರ ದಶಕದಲ್ಲೇ ಇದಕ್ಕೊಂದು ಅಳತೆಗೋಲು ತಯಾರಿಸಿದ್ದರು. 'ಸಂಪೂರ್ಣ ಒಪ್ಪುತ್ತೇನೆ'ಯಿಂದ 'ಕಿಂಚಿತ್ತೂ ಒಪ್ಪುವುದಿಲ್ಲ'ದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಉತ್ತರಿಸುವ ಕ್ರಮವನ್ನು ರೆನ್ಸಿಸ್ ಲೈಕರ್ಟ್ 1932ರಲ್ಲಿ ಪ್ರಕಟಿಸಿದರು. ಇಂದು ಲೋಕದ ಬಹುತೇಕ ಅಭಿಪ್ರಾಯ ಪತ್ರಿಕೆಗಳು ಆ ಮೆಟ್ಟಿಲನ್ನೇ ಹತ್ತಿಳಿಯುತ್ತಿವೆ. ಬ್ರಿಟನ್ನಿನಲ್ಲಿ ಕೊನೆಯ ವರ್ಷದ ಪದವಿ ವಿದ್ಯಾರ್ಥಿಗಳನ್ನೇ ಕೇಳುವ ರಾಷ್ಟ್ರೀಯ ಸಮೀಕ್ಷೆಯೊಂದು 2005ರಿಂದ ನಡೆಯುತ್ತಿದ್ದು, ಅದರ ಫಲಿತಾಂಶವನ್ನು ಸಾರ್ವಜನಿಕರು ನೋಡಬಹುದು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದು ಗಟ್ಟಿಯಾಗಿ ಬೇರು ಬಿಟ್ಟದ್ದು ಮಾನ್ಯತೆಯ ಕಾರಣದಿಂದ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 1994ರಲ್ಲಿ ರಾಷ್ಟ್ರೀಯ ಮಾನ್ಯತಾ ಮಂಡಳಿಯನ್ನು ಹುಟ್ಟುಹಾಕಿತು. ಎನ್‌ಬಿಎ ಎಂದರೆ ಇದೇ. 2010ರಲ್ಲಿ ಅದು ಸ್ವಾಯತ್ತ ಸಂಸ್ಥೆಯಾಯಿತು. ಒಂದು ದೇಶದ ಎಂಜಿನಿಯರಿಂಗ್ ಪದವಿಯನ್ನು ಇನ್ನೊಂದು ದೇಶ ಸರಿಸಮಾನವೆಂದು ಒಪ್ಪಿಕೊಳ್ಳಲು ಆರು ದೇಶಗಳು 1989ರಲ್ಲಿ ಮಾಡಿಕೊಂಡ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2007ರಲ್ಲಿ ತಾತ್ಕಾಲಿಕ ಸದಸ್ಯನಾಗಿ, 2014ರ ಜೂನ್‌ನಲ್ಲಿ ಪೂರ್ಣ ಸದಸ್ಯನಾಗಿ ಸೇರಿತು.

ಈ ಒಪ್ಪಂದದ ಜೊತೆಗೆ ಒಂದು ದೃಷ್ಟಿ ಬದಲಾವಣೆಯೂ ಬಂತು. ಕಾಲೇಜಿನಲ್ಲಿ ಎಷ್ಟು ಕಟ್ಟಡ, ಎಷ್ಟು ಕಂಪ್ಯೂಟರು, ಎಷ್ಟು ಪುಸ್ತಕ ಎಂಬುದಷ್ಟೇ ಸಾಲದು. ಓದಿ ಹೊರಬಂದವನಿಗೆ ಏನು ಬರುತ್ತದೆ ಎಂಬುದನ್ನು ತೋರಿಸಬೇಕು. ಎಂಜಿನಿಯರಿಂಗಿನ ತಿಳಿವಳಿಕೆ, ಸಮಸ್ಯೆಯನ್ನು ಬಿಡಿಸಿ ನೋಡುವ ಶಕ್ತಿ, ವಿನ್ಯಾಸ, ಆಧುನಿಕ ಸಾಧನಗಳ ಬಳಕೆ, ನೀತಿ, ಕೂಡಿ ದುಡಿಯುವುದು, ವಿಷಯವನ್ನು ಇತರರಿಗೆ ತಿಳಿಯುವಂತೆ ಹೇಳುವುದು, ಜೀವನವಿಡೀ ಕಲಿಯುವುದು ಮುಂತಾಗಿ ಹನ್ನೆರಡು ಗುಣಗಳ ಪಟ್ಟಿಯೊಂದಿತ್ತು. ಇತ್ತೀಚಿನ ಪರಿಷ್ಕರಣೆಯಲ್ಲಿ ಅದು ಹನ್ನೊಂದಾಗಿದೆ. ಈ ಗುಣಗಳು ಬಂದಿವೆಯೇ ಎಂದು ನೋಡಲು ಎರಡು ದಾರಿ. ಪರೀಕ್ಷೆಯ ಅಂಕಗಳಿಂದ ತಿಳಿಯುವುದು ನೇರ ದಾರಿ. ಹೊರಹೋಗುವ ವಿದ್ಯಾರ್ಥಿ, ಹಳೆಯ ವಿದ್ಯಾರ್ಥಿ, ಕೆಲಸ ಕೊಟ್ಟ ಕಂಪನಿ ಇವರನ್ನು ಕೇಳಿ ತಿಳಿಯುವುದು ಪರೋಕ್ಷ ದಾರಿ. ಬಹಳಷ್ಟು ಕಾಲೇಜುಗಳು ನೇರ ದಾರಿಗೆ ನೂರಕ್ಕೆ 80, ಪರೋಕ್ಷ ದಾರಿಗೆ 20ರಂತೆ ತೂಕ ಕೊಡುತ್ತವೆ. ನಿರ್ಗಮನ ಸಮೀಕ್ಷೆ ಈ 20ರಲ್ಲಿ ಒಂದು ಪಾಲುದಾರ.

ಹೀಗೆ ಹುಡುಗ ಐದು ನಿಮಿಷದಲ್ಲಿ ಹಾಕಿದ ಗುರುತುಗಳು ಕೋಷ್ಟಕವಾಗಿ, ಸರಾಸರಿಯಾಗಿ, ಬಣ್ಣದ ನಕ್ಷೆಯಾಗಿ ಮಾನ್ಯತೆಯ ಕಡತ ಸೇರುತ್ತವೆ. ಅವನಿಗೆ ಅದು ಗೊತ್ತಿರುವುದಿಲ್ಲ, ಅಷ್ಟೆ.

ಕೊನೆಯ ವರ್ಷದವನ ಮಾತಿಗೇ ಏಕೆ ಬೆಲೆ?

ಪ್ರತಿ ಸೆಮಿಸ್ಟರಿನ ಕೊನೆಗೂ ಕಾಲೇಜುಗಳಲ್ಲಿ ಅಧ್ಯಾಪಕರ ಬಗ್ಗೆ ಅಭಿಪ್ರಾಯ ಕೇಳುವುದುಂಟು. ಹಾಗಿದ್ದಮೇಲೆ ಕೊನೆಯಲ್ಲಿ ಇನ್ನೊಮ್ಮೆ ಏಕೆ? ಇದಕ್ಕೆ ಉತ್ತರವಾಗಿ ಎರಡು ಅಧ್ಯಯನಗಳನ್ನು ಹೇಳಬೇಕು.

ಅಮೆರಿಕದ ವಾಯುಪಡೆಯ ಅಕಾಡೆಮಿಯಲ್ಲಿ ಯಾವ ವಿದ್ಯಾರ್ಥಿಗೆ ಯಾವ ಅಧ್ಯಾಪಕ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ. ಎಲ್ಲರಿಗೂ ಒಂದೇ ಪರೀಕ್ಷೆ. ಆದ್ದರಿಂದ ಅದು ಸಂಶೋಧಕರಿಗೆ ಸಿದ್ಧವಾಗಿ ಸಿಕ್ಕ ಪ್ರಯೋಗಶಾಲೆ. ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಎಂಬವರು ಅಲ್ಲಿನ ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಕ್ಯಾಲ್ಕುಲಸ್ ಪತ್ರಿಕೆಯಲ್ಲಿ ಕಡಿಮೆ ಅನುಭವದ ಅಧ್ಯಾಪಕರ ತರಗತಿಯವರು ಹೆಚ್ಚು ಅಂಕ ಗಳಿಸಿದ್ದರು, ಅಧ್ಯಾಪಕರಿಗೂ ಒಳ್ಳೆಯ ಅಂಕ ಕೊಟ್ಟಿದ್ದರು. ಆದರೆ ಅದೇ ಗಣಿತವನ್ನು ಆಧರಿಸಿದ ಮುಂದಿನ ವಿಷಯಗಳಲ್ಲಿ ಮೇಲುಗೈ ಸಾಧಿಸಿದವರು, ಬಿಗಿಯಾಗಿ ಆಳವಾಗಿ ಕಲಿಸಿ ಆಗ ಕಡಿಮೆ ಅಂಕ ಪಡೆದುಕೊಂಡ ಅನುಭವಿ ಅಧ್ಯಾಪಕರ ವಿದ್ಯಾರ್ಥಿಗಳು.

ಎರಡನೆಯದು ಹಾರ್ವರ್ಡ್ ವಿಶ್ವವಿದ್ಯಾಲಯದ್ದು, 2019ರಲ್ಲಿ ಪ್ರಕಟವಾದದ್ದು. ಭೌತಶಾಸ್ತ್ರದ ಒಂದು ತಂಡಕ್ಕೆ ಅಚ್ಚುಕಟ್ಟಾದ ಉಪನ್ಯಾಸ, ಇನ್ನೊಂದು ತಂಡಕ್ಕೆ ತಾವೇ ಗುಂಪಿನಲ್ಲಿ ಕೂತು ಲೆಕ್ಕ ಬಿಡಿಸುವ ತರಗತಿ. ಪರೀಕ್ಷಿಸಿದಾಗ ತಾವೇ ತಿಣುಕಾಡಿದವರು ಹೆಚ್ಚು ಕಲಿತಿದ್ದರು. ಆದರೆ ಹೆಚ್ಚು ಕಲಿತೆವೆಂಬ ಭಾವನೆ ಇದ್ದದ್ದು ಉಪನ್ಯಾಸ ಕೇಳಿದವರಿಗೆ!

ಬೆವರು ಹರಿಸಿದ ದಿನ ವ್ಯಾಯಾಮದ ಲಾಭ ತಿಳಿಯುವುದಿಲ್ಲ, ಮೈಕೈ ನೋವಷ್ಟೇ ತಿಳಿಯುತ್ತದೆ. ಹಾಗೆಯೇ ಮೊದಲ ಸೆಮಿಸ್ಟರಿನಲ್ಲಿ ಗಣಿತದ ಮೇಷ್ಟ್ರನ್ನು ಶಪಿಸಿದ ಹುಡುಗನಿಗೆ ಆ ಗಣಿತದ ಬೆಲೆ ತಿಳಿಯುವುದು ಐದನೆಯ ಸೆಮಿಸ್ಟರಿನಲ್ಲಿ ಸಿಗ್ನಲ್ಸ್ ಓದುವಾಗ ಅಥವಾ ಕಂಟ್ರೋಲ್ ಸಿಸ್ಟಮ್ಸ್ ಓದುವಾಗ. ಮೊದಲ ವರ್ಷದ ಪಾಠವನ್ನು ನಾಲ್ಕನೆಯ ವರ್ಷದ ಕಣ್ಣಿನಿಂದ ನೋಡಬಲ್ಲವನು ಕಾಲೇಜಿನ ಒಳಗೆ ಒಬ್ಬನೇ: ಹೊರಡಲು ನಿಂತವನು. ಅಧ್ಯಾಪಕರಿಗೆ ತಮ್ಮ ವಿಷಯ ಮಾತ್ರ ಗೊತ್ತು, ಪ್ರಾಂಶುಪಾಲರಿಗೆ ಕಡತ ಗೊತ್ತು, ಪೋಷಕರಿಗೆ ಫೀ ಗೊತ್ತು. ನಾಲ್ಕು ವರ್ಷಗಳ ಇಡೀ ದಾರಿಯನ್ನು ಕಾಲಿನಿಂದ ನಡೆದು ನೋಡಿದವನು ವಿದ್ಯಾರ್ಥಿಯೇ. ಆದ್ದರಿಂದ ಅವನ ಮಾತಿಗೆ ಬೆಲೆ.

ಶೂನ್ಯ ದೋಷ ತಿದ್ದದೆ ಅಳೆಯಬೇಡಿ

ಹಾಗೆಂದು ಆ ಮಾತನ್ನು ಬರೆದ ಹಾಗೇ ನಂಬಬೇಕೆಂದಿಲ್ಲ. ಸ್ಕ್ರೂಗೇಜಿನಲ್ಲಿ ತಂತಿಯ ದಪ್ಪ ಅಳೆಯುವ ಮೊದಲು ಅದರ ಶೂನ್ಯ ದೋಷ ನೋಡಿಕೊಳ್ಳಿ ಎಂದು ನಾವು ವಿಜ್ಞಾನದ ಮೇಷ್ಟ್ರುಗಳು ಮಕ್ಕಳಿಗೆ ಹೇಳುತ್ತಿರುತ್ತೇವೆ. ಏನನ್ನೂ ಇಡದಿದ್ದಾಗಲೂ ಉಪಕರಣ ಸ್ವಲ್ಪ ಹೆಚ್ಚು ತೋರಿಸುತ್ತಿದ್ದರೆ, ಅದನ್ನು ಕಳೆಯದೆ ಬರೆದ ಅಳತೆಗಳೆಲ್ಲ ಒಂದೇ ದಿಕ್ಕಿನಲ್ಲಿ ತಪ್ಪುತ್ತವೆ. ಸಾವಿರ ಸಲ ಅಳೆದು ಸರಾಸರಿ ತೆಗೆದರೂ ಆ ತಪ್ಪು ಹೋಗುವುದಿಲ್ಲ.

ನಿರ್ಗಮನ ಸಮೀಕ್ಷೆಯ ಶೂನ್ಯ ದೋಷ ಭಯ. ನಮೂನೆಯ ಮೇಲ್ಭಾಗದಲ್ಲಿ ಹೆಸರು ಮತ್ತು ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ಕೇಳಿದ್ದರೆ, ತುಂಬಿದ ಹಾಳೆಯನ್ನು ವಿಭಾಗದ ಅಧ್ಯಾಪಕರ ಕೈಗೇ ಕೊಡಬೇಕಾಗಿದ್ದರೆ, ಪ್ರಾಜೆಕ್ಟಿನ ಮೌಖಿಕ ಪರೀಕ್ಷೆ ಇನ್ನೂ ಬಾಕಿ ಇದ್ದರೆ, ಯಾವ ಹುಡುಗ ತಾನೇ ಸತ್ಯ ಬರೆದಾನು? ಆಂತರಿಕ ಅಂಕಗಳು ಅಧ್ಯಾಪಕರ ಕೈಯಲ್ಲಿವೆ. ನಾಳೆ ವಿದೇಶಕ್ಕೆ ಅರ್ಜಿ ಹಾಕಿದರೆ ಶಿಫಾರಸು ಪತ್ರವೂ ಅವರಿಂದಲೇ ಬೇಕು. ಹೀಗಾಗಿ ಎಲ್ಲಕ್ಕೂ ಐದು, ಎಲ್ಲಕ್ಕೂ ಐದು ಎಂದು ಮೇಲಿಂದ ಕೆಳಕ್ಕೆ ಒಂದೇ ಗೆರೆ.

ಭಯದಷ್ಟೇ ಬಲವಾದ ಇನ್ನೊಂದು ಕಾರಣ ಸ್ವಾರ್ಥ. 2008ರಲ್ಲಿ ಲಂಡನ್ನಿನ ಕಿಂಗ್‌ಸ್ಟನ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಕರಣ ನಡೆಯಿತು. ಕಾಲೇಜಿಗೆ ಕೆಟ್ಟ ಅಂಕ ಕೊಟ್ಟರೆ ನಿಮ್ಮ ಪದವಿಗೇ ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತದೆ, ಆದ್ದರಿಂದ ಒಳ್ಳೆಯ ಅಂಕ ಕೊಡಿ ಎಂದು ಮನಶ್ಶಾಸ್ತ್ರ ವಿಭಾಗದ ಸಿಬ್ಬಂದಿ ವಿದ್ಯಾರ್ಥಿಗಳಿಗೆ ಹೇಳಿದ್ದು ಧ್ವನಿಮುದ್ರಣವಾಗಿ ಹೊರಬಿತ್ತು. ಆ ವರ್ಷದ ಪಟ್ಟಿಯಿಂದ ಆ ವಿಭಾಗದ ಅಂಕಗಳನ್ನೇ ಕೈಬಿಡಲಾಯಿತು. ನಮ್ಮಲ್ಲಿ ಯಾರೂ ಹಾಗೆ ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. ತನ್ನ ಕಾಲೇಜಿನ ಮಾನ ಹೋದರೆ ತನ್ನ ಸರ್ಟಿಫಿಕೇಟಿನ ಮಾನವೂ ಹೋಗುತ್ತದೆ ಎಂದು ಹುಡುಗನೇ ಲೆಕ್ಕ ಹಾಕಿಕೊಂಡಿರುತ್ತಾನೆ.

ಎರಡನೆಯ ದೋಷ ಮಾದರಿಯದು. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಎನ್ನುತ್ತಾರೆ. ನಿಜ, ಪಾತ್ರೆಯಲ್ಲಿ ಎಲ್ಲ ಅಗುಳಿಗೂ ಒಂದೇ ಶಾಖ ತಗುಲಿದ್ದರೆ. ತರಗತಿ ಅಂಥ ಪಾತ್ರೆಯಲ್ಲ. ಅಲ್ಲಿ ನಗರದ ಇಂಗ್ಲಿಷ್ ಶಾಲೆಯಿಂದ ಬಂದವರಿದ್ದಾರೆ, ಹಳ್ಳಿಯ ಕನ್ನಡ ಶಾಲೆಯಿಂದ ಬಂದವರಿದ್ದಾರೆ, ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರಿದವರಿದ್ದಾರೆ. ಒಂದು ವಿಭಾಗದ ಅರವತ್ತು ಮಂದಿಯಲ್ಲಿ ಐವತ್ತು ಮಂದಿ ಪಾಠ ಚೆನ್ನಾಗಿ ಅರ್ಥವಾಯಿತೆಂದು 4 ಅಂಕ, ಉಳಿದ ಹತ್ತು ಮಂದಿ ಏನೂ ಅರ್ಥವಾಗಲಿಲ್ಲವೆಂದು 1 ಅಂಕ ಕೊಟ್ಟರು ಎಂದಿಟ್ಟುಕೊಳ್ಳಿ. ಸರಾಸರಿ ಮೂರೂವರೆ ಬರುತ್ತದೆ. ವರದಿಯಲ್ಲಿ 'ಉತ್ತಮ' ಎಂದು ದಾಖಲಾಗುತ್ತದೆ. ಆ ಹತ್ತು ಮಕ್ಕಳು ಮೂರೂವರೆಯ ಹೊಟ್ಟೆಯೊಳಗೆ ಮಾಯವಾಗಿಬಿಡುತ್ತಾರೆ.

ಇನ್ನೂ ಕೆಲವರು ನಮೂನೆಯ ಹತ್ತಿರಕ್ಕೇ ಬರುವುದಿಲ್ಲ. ಬಾಕಿ ವಿಷಯಗಳ ಕಾರಣ ಒಂದು ವರ್ಷ ಹಿಂದೆ ಉಳಿದವರು, ಎರಡನೆಯ ವರ್ಷಕ್ಕೇ ಓದು ಬಿಟ್ಟು ಮನೆಗೆ ಹೋದವರು, ಕಾಲೇಜು ಬದಲಿಸಿದವರು. ಹೊರಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಿದರೆ ಬಾಗಿಲವರೆಗೆ ಬಂದವರಷ್ಟೇ ಉತ್ತರಿಸಬಲ್ಲರು. ಆದರೆ ಕಾಲೇಜಿನ ನಿಜವಾದ ದೌರ್ಬಲ್ಯ ಗೊತ್ತಿರುವುದು ದಾರಿಯಲ್ಲಿ ಬಿದ್ದವರಿಗೆ.

ಹಳೆಯ ಶಿಷ್ಯರು ಹೇಳುವುದು

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನು, ಎಂಜಿನಿಯರನಲ್ಲ. ಆದರೆ ನನ್ನ ತರಗತಿಯಲ್ಲಿ ಕೂತು ಓಮನ ನಿಯಮ ಕಲಿತವರಲ್ಲಿ ಅನೇಕರು ಎಂಜಿನಿಯರಿಂಗ್ ಓದಿದ್ದಾರೆ. ಊರಿಗೆ ಬಂದಾಗ ಶಾಲೆಯ ಕಡೆ ಬರುತ್ತಾರೆ. ನಮೂನೆಯಲ್ಲಿ ಬರೆಯದ ಮಾತುಗಳನ್ನು ಅವರು ನಮ್ಮ ಸ್ಟಾಫ್ ರೂಮಿನ ಬೆಂಚಿನ ಮೇಲೆ ಕೂತು ಹೇಳುತ್ತಾರೆ. ಬೇರೆ ಬೇರೆ ಊರು, ಬೇರೆ ಬೇರೆ ಕಾಲೇಜು. ಆದರೂ ಕೆಲವು ಮಾತುಗಳು ಮತ್ತೆ ಮತ್ತೆ ಬರುತ್ತವೆ.

ಮೊದಲನೆಯದು ಭಾಷೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿ ಶಾಲೆಗೆ ಮೊದಲಿಗನಾದವನಿಗೂ ಮೊದಲ ಎರಡು ಸೆಮಿಸ್ಟರು ಕಣ್ಣು ಕಟ್ಟಿ ಕಾಡಿನಲ್ಲಿ ಬಿಟ್ಟಂತಾಗುತ್ತದೆ. ವಿಷಯ ಕಷ್ಟವಲ್ಲ, ವಾಕ್ಯ ಕಷ್ಟ. ಎದ್ದು ನಿಂತು ಪ್ರಶ್ನೆ ಕೇಳುವ ಧೈರ್ಯವಂತೂ ಇಲ್ಲವೇ ಇಲ್ಲ. ಅಂಥವರಿಗೆ ಸಂಜೆ ಒಂದು ಗಂಟೆ ಕೂರಿಸಿಕೊಂಡು ಕನ್ನಡದಲ್ಲಿ ಬಿಡಿಸಿ ಹೇಳಿದ ಒಬ್ಬ ಅಧ್ಯಾಪಕರಿದ್ದರೆ ಆ ಹೆಸರನ್ನು ಅವರು ಹತ್ತು ವರ್ಷ ಕಳೆದರೂ ಮರೆಯುವುದಿಲ್ಲ.

ಎರಡನೆಯದು ಪ್ರಯೋಗಾಲಯ. ಯಂತ್ರ ಇತ್ತೇ ಎಂದರೆ ಇತ್ತು. ಕೈಯಿಂದ ಮುಟ್ಟಿದೆಯಾ ಎಂದರೆ ತಲೆ ತಗ್ಗಿಸುತ್ತಾರೆ. ಆರೇಳು ಜನರ ತಂಡದಲ್ಲಿ ಒಬ್ಬ ಮಾಡುವುದು, ಒಬ್ಬ ಬರೆದುಕೊಳ್ಳುವುದು, ಉಳಿದವರು ನೋಡುವುದು.

ಮೂರನೆಯದು ಕೊನೆಯ ವರ್ಷದ ಪ್ರಾಜೆಕ್ಟು. ನಾಲ್ಕು ವರ್ಷ ಕಲಿತದ್ದನ್ನೆಲ್ಲ ಒಂದುಗೂಡಿಸಿ ಸ್ವಂತವಾಗಿ ಏನನ್ನಾದರೂ ಕಟ್ಟಬೇಕಾದ ಕೆಲಸ ಅದು. ಹಣ ಕೊಟ್ಟರೆ ಸಿದ್ಧ ಪ್ರಾಜೆಕ್ಟನ್ನು ವರದಿಯ ಸಮೇತ ಕೊಡುವ ಅಂಗಡಿಗಳು ಬೆಂಗಳೂರಿನಂಥ ಊರುಗಳಲ್ಲಿ ಬಹಿರಂಗವಾಗಿಯೇ ಫಲಕ ಹಾಕಿಕೊಂಡಿವೆ. ವಾರಕ್ಕೊಮ್ಮೆ ಕೂರಿಸಿಕೊಂಡು ಇದನ್ನು ಹೀಗೇಕೆ ಮಾಡಿದಿರಿ ಎಂದು ಕೇಳುವ ಮಾರ್ಗದರ್ಶಕರು ಇರುವ ಕಡೆ ಕೊಂಡು ತಂದ ಪ್ರಾಜೆಕ್ಟು ನಿಲ್ಲುವುದಿಲ್ಲ. ಕೇಳುವವರಿಲ್ಲದ ಕಡೆ ಅದಕ್ಕೇ ಹೆಚ್ಚು ಅಂಕ.

ಇವುಗಳಲ್ಲಿ ಯಾವುದನ್ನು ಕಾಲೇಜು ತಾನಾಗಿ ಸರಿಪಡಿಸಬಹುದು, ಯಾವುದನ್ನು ಸಾಧ್ಯವಿಲ್ಲ ಎಂಬುದನ್ನೂ ಬೇರ್ಪಡಿಸಿ ನೋಡಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಸ್ಥಾಪನೆಯಾದ ಮೇಲೆ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹುಪಾಲು ಅದರ ವ್ಯಾಪ್ತಿಗೆ ಬಂದವು. ಅದರ ಅಧೀನದಲ್ಲಿರುವ ಸಾಮಾನ್ಯ ಕಾಲೇಜಿಗೆ ಪಠ್ಯಕ್ರಮ ಬರುವುದು ಬೆಳಗಾವಿಯಿಂದ. ಪಠ್ಯ ಹಳೆಯದಾಯಿತು ಎಂಬ ದೂರಿಗೆ ಆ ಕಾಲೇಜು ತಾನೊಂದೇ ಹೆಚ್ಚೇನೂ ಮಾಡಲಾರದು. ಸ್ವಾಯತ್ತ ಕಾಲೇಜಿನ ಮಾತು ಬೇರೆ. ಪಠ್ಯವನ್ನು ರೂಪಿಸುವುದೂ ಅದೇ, ಪ್ರಶ್ನೆಪತ್ರಿಕೆ ತೆಗೆಯುವುದೂ ಅದೇ. ಅಲ್ಲಿ ಆ ದೂರು ನೇರವಾಗಿ ಕಾಲೇಜಿಗೇ ತಗುಲುತ್ತದೆ. ಆದರೆ ಪ್ರಯೋಗಾಲಯದ ತಂಡ ಚಿಕ್ಕದಾಗಬೇಕು, ಕನ್ನಡದ ಮಕ್ಕಳಿಗೆ ಸಂಜೆಯ ಪಾಠ ಬೇಕು, ಪ್ರಾಜೆಕ್ಟನ್ನು ವಾರವಾರ ನೋಡಬೇಕು ಎಂಬ ಮೂರಕ್ಕೂ ಬೆಳಗಾವಿಯ ಅಪ್ಪಣೆ ಬೇಕಿಲ್ಲ.

ಛೇದ ಎಷ್ಟು ಎಂದು ಕೇಳಿ

ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದಂತೆ. ಎಂಜಿನಿಯರಿಂಗ್ ಸೀಟು ದಾನವಾಗಿ ಬರುವುದಿಲ್ಲ. ಹೊಲ ಅಡವಿಟ್ಟೋ ಬ್ಯಾಂಕಿನ ಸಾಲ ಮಾಡಿಯೋ ಕೊಳ್ಳುವ ವಸ್ತು ಅದು. ಆದ್ದರಿಂದ ಹಲ್ಲು ಎಣಿಸಿಯೇ ಕೊಳ್ಳಬೇಕು. ಸಿಇಟಿ ಕೌನ್ಸೆಲಿಂಗಿನಲ್ಲಿ ಕಾಲೇಜುಗಳ ಆದ್ಯತಾ ಪಟ್ಟಿ ತುಂಬುವ ಮೊದಲು ಪೋಷಕರು ಮಾಡಬಹುದಾದ ಕೆಲಸಗಳಿವೆ.

ಎನ್‌ಬಿಎ ಮಾನ್ಯತೆ ಕೊಡುವುದು ಕಾಲೇಜಿಗಲ್ಲ, ಒಂದೊಂದು ಕೋರ್ಸಿಗೆ. ಕಾಲೇಜಿನ ಮೆಕ್ಯಾನಿಕಲ್ ವಿಭಾಗಕ್ಕೆ ಮಾನ್ಯತೆ ಇದ್ದು, ನಿಮ್ಮ ಮಗಳು ಸೇರಬೇಕೆಂದಿರುವ ಹೊಸ ವಿಭಾಗಕ್ಕೆ ಇಲ್ಲದಿರಬಹುದು. ಮಾನ್ಯತೆಗೆ ಅವಧಿಯೂ ಉಂಟು. ಯಾವ ಕೋರ್ಸಿಗೆ ಯಾವ ವರ್ಷದವರೆಗೆ ಎಂಬುದನ್ನು ಮಂಡಳಿಯ ಅಂತರ್ಜಾಲ ತಾಣದಲ್ಲೇ ನೋಡಬಹುದು. ಇಡೀ ಕಾಲೇಜಿಗೆ ದರ್ಜೆ ಕೊಡುವ, ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ನ್ಯಾಕ್ ಬೇರೆ ಸಂಸ್ಥೆ. ನ್ಯಾಕ್ 2017ರಲ್ಲಿ ಪರಿಷ್ಕರಿಸಿದ ಪದ್ಧತಿಯಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯೂ ಸೇರಿತು. ಅದರ ಕೊನೆಯ ಪ್ರಶ್ನೆಗೆ ಗುರುತು ಹಾಕಿದರೆ ಸಾಲದು. ಕಲಿಕೆ ಉತ್ತಮಗೊಳ್ಳಲು ಮೂರು ಸಲಹೆಗಳನ್ನು ಮಾತಿನಲ್ಲೇ ಬರೆಯಬೇಕು. ಇಪ್ಪತ್ತು ಅಂಕಿಗಳಿಗಿಂತ ಆ ಮೂರು ವಾಕ್ಯಗಳೇ ಮೇಲು. ಕಾಲೇಜಿನ ತಾಣದಲ್ಲಿ ಸಮೀಕ್ಷೆಯ ವರದಿ, 'ಕೈಗೊಂಡ ಕ್ರಮ' ಎಂಬ ಭಾಗ ಇದ್ದರೆ ಓದಿ. ಮೂರು ವರ್ಷವೂ ಒಂದೇ ದೂರು, ಒಂದೇ ಉತ್ತರ ಇದ್ದರೆ ಅರ್ಥ ಮಾಡಿಕೊಳ್ಳಿ.

ಉದ್ಯೋಗದ ಶೇಕಡಾವಾರು ಕಂಡಾಗ ಮೊದಲು ಛೇದ ಯಾವುದೆಂದು ಕೇಳಿ. 120 ಮಂದಿಯ ತಂಡದಲ್ಲಿ ಬಾಕಿ ವಿಷಯವಿಲ್ಲದೆ, ಕಂಪನಿ ಕೇಳಿದಷ್ಟು ಅಂಕ ಪಡೆದು ಸಂದರ್ಶನಕ್ಕೆ ಅರ್ಹರಾದವರು 60 ಮಂದಿ, ಕೆಲಸ ಸಿಕ್ಕವರು 54 ಮಂದಿ ಎಂದುಕೊಳ್ಳಿ. ಜಾಹೀರಾತಿನಲ್ಲಿ ಶೇಕಡಾ 90 ಎಂದಿರುತ್ತದೆ. ಮನೆಮನೆಯ ಲೆಕ್ಕದಲ್ಲಿ ಅದು ಶೇಕಡಾ 45. ಸಂಬಳದಲ್ಲೂ ಹೀಗೆಯೇ. ಒಂಬತ್ತು ಮಂದಿಗೆ ವರ್ಷಕ್ಕೆ 4 ಲಕ್ಷ, ಒಬ್ಬನಿಗೆ 44 ಲಕ್ಷ ಸಿಕ್ಕರೆ ಸರಾಸರಿ 8 ಲಕ್ಷ. ಆದರೆ ಹತ್ತರಲ್ಲಿ ಒಬ್ಬನಿಗೂ 8 ಲಕ್ಷ ಸಿಕ್ಕಿಲ್ಲ! ಮಧ್ಯದಲ್ಲಿ ನಿಂತವನ ಸಂಬಳವೆಷ್ಟು ಎಂಬ ಮಧ್ಯಾಂಕವನ್ನೇ ಕೇಳಬೇಕು. 2016ರಿಂದ ಪ್ರಕಟವಾಗುತ್ತಿರುವ ರಾಷ್ಟ್ರೀಯ ಶ್ರೇಯಾಂಕ ಪಟ್ಟಿಗೆ ಅರ್ಜಿ ಹಾಕಿದ ಕಾಲೇಜುಗಳು ಎಷ್ಟು ಮಂದಿ ಸೇರಿದರು, ನಿಗದಿತ ಅವಧಿಯಲ್ಲಿ ಎಷ್ಟು ಮಂದಿ ಪದವಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಸಂಬಳದ ಮಧ್ಯಾಂಕ ಎಷ್ಟು ಎಂಬುದನ್ನು ಸಲ್ಲಿಸಬೇಕು. ಎಷ್ಟನೆಯ ಸ್ಥಾನ ಎಂಬುದಕ್ಕಿಂತ ಈ ನಾಲ್ಕು ಅಂಕಿಗಳು ಹೆಚ್ಚು ಮಾತಾಡುತ್ತವೆ. ಸೇರಿದವರಿಗೂ ಸಕಾಲದಲ್ಲಿ ಮುಗಿಸಿದವರಿಗೂ ನಡುವಿನ ವ್ಯತ್ಯಾಸದಲ್ಲಿ, ನಮೂನೆ ತುಂಬಲು ಬಾರದ ಆ ಮಕ್ಕಳು ಕಾಣಸಿಗುತ್ತಾರೆ.

ಕಾಗದ ನೋಡಿಯಾದ ಮೇಲೆ ಮನುಷ್ಯರನ್ನು ಕೇಳಿ. ಕಳೆದ ಒಂದೆರಡು ವರ್ಷದಲ್ಲಿ ಅದೇ ವಿಭಾಗದಿಂದ ಹೊರಬಂದವರನ್ನು ಹುಡುಕಿ. ಒಬ್ಬರನ್ನಲ್ಲ, ಮೂರು ನಾಲ್ಕು ಮಂದಿಯನ್ನು. ಅವರಲ್ಲಿ ಒಬ್ಬರಾದರೂ ನಿಮ್ಮ ಮಗುವಿನಂಥ ಹಿನ್ನೆಲೆಯವರಿರಲಿ, ಒಬ್ಬರಾದರೂ ಒಂದು ವಿಷಯದಲ್ಲಿ ಫೇಲಾಗಿ ಎದ್ದವರಿರಲಿ. ಕಾಲೇಜು ಹೇಗಿದೆ ಎಂದು ಕೇಳಬೇಡಿ. 'ಚೆನ್ನಾಗಿದೆ ಅಂಕಲ್' ಎಂಬ ಉತ್ತರ ಬರುತ್ತದೆ, ಅಷ್ಟೆ. ಹೀಗೆ ಕೇಳಿ:

ಪ್ರಯೋಗಾಲಯದಲ್ಲಿ ಒಂದು ಯಂತ್ರಕ್ಕೆ ಎಷ್ಟು ಜನ ಇದ್ದಿರಿ?

ಒಂದು ವಿಷಯಕ್ಕೆ ಸೆಮಿಸ್ಟರಿನ ಮಧ್ಯದಲ್ಲಿ ಎಷ್ಟು ಸಲ ಅಧ್ಯಾಪಕರು ಬದಲಾದರು?

ಅರ್ಥವಾಗದಿದ್ದಾಗ ತರಗತಿಯ ಹೊರಗೆ ಯಾರನ್ನು ಕೇಳುತ್ತಿದ್ದಿರಿ?

ನಿಮ್ಮ ಪ್ರಾಜೆಕ್ಟು ಏನು, ಅದರಲ್ಲಿ ನೀವು ಸ್ವತಃ ಮಾಡಿದ್ದೇನು?

ನಿಮ್ಮ ಜೊತೆ ಸೇರಿದವರಲ್ಲಿ ಎಷ್ಟು ಮಂದಿ ನಿಮ್ಮ ಜೊತೆಗೇ ಮುಗಿಸಿದರು?

ನಿಮ್ಮ ತಮ್ಮನನ್ನೋ ತಂಗಿಯನ್ನೋ ಅದೇ ವಿಭಾಗಕ್ಕೆ ಕಳಿಸುತ್ತೀರಾ?

ಕೊನೆಯ ಪ್ರಶ್ನೆಗೆ ಅವರು ಉತ್ತರಿಸುವ ಮೊದಲು ಎಷ್ಟು ಹೊತ್ತು ಸುಮ್ಮನಿದ್ದರು ಎಂಬುದನ್ನೂ ಗಮನಿಸಿ.

ತುಂಬುವವರಿಗೆ ಒಂದು ಮಾತು

ಈ ವರ್ಷ ಎಂಟನೆಯ ಸೆಮಿಸ್ಟರಿನಲ್ಲಿರುವ ವಿದ್ಯಾರ್ಥಿಗಳು ಈ ಪುಟ ಓದುತ್ತಿದ್ದರೆ ಅವರಿಗೆ ಒಂದು ಮಾತು. ನಿಮ್ಮ ಅನುಮಾನ ನನಗೆ ಗೊತ್ತು: ಬರೆದರೆ ನಮಗೇನು ಬಂತು, ನಾವಂತೂ ಹೋಗುವವರು. ನಿಜ, ನಿಮ್ಮ ಪಾಲಿಗೆ ಅದು ತಡವಾಗಿದೆ. ರೋಗಿ ಗುಣವಾಗಿ ಮನೆಗೆ ಹೊರಟಮೇಲೆ ಜ್ವರದ ಚಾರ್ಟು ತುಂಬಿದ ಹಾಗೆ. ಆದರೆ ಅದೇ ಹಾಸಿಗೆಗೆ ನಾಳೆ ಇನ್ನೊಬ್ಬ ಬರುತ್ತಾನೆ. ನೀವು ಮೊದಲ ಸೆಮಿಸ್ಟರಿನಲ್ಲಿ ಕೂತಿದ್ದ ಹಿಂದಿನ ಬೆಂಚಿನಲ್ಲಿ ಬರುವ ಸೆಪ್ಟೆಂಬರ್‌ ಹೊತ್ತಿಗೆ ನಿಮ್ಮಂಥದೇ ಊರಿನ ಹುಡುಗನೊಬ್ಬ ಕೂತಿರುತ್ತಾನೆ. ನೀವು ಎಲ್ಲಕ್ಕೂ ಐದು ಹಾಕಿ ಹೋದರೆ ಅವನಿಗೆ ಸಿಗುವುದು ನಿಮಗೆ ಸಿಕ್ಕಿದ್ದೇ.

ಸತ್ಯ ಬರೆಯುವುದೆಂದರೆ ಸಿಟ್ಟು ಬರೆಯುವುದಲ್ಲ. 'ಲ್ಯಾಬು ದಂಡ' ಎಂದು ಬರೆದರೆ ಓದಿದವರು ಏನು ಮಾಡಬೇಕು? 'ಮೈಕ್ರೋಕಂಟ್ರೋಲರ್ ಲ್ಯಾಬಿನಲ್ಲಿ ಆರು ಜನರಿಗೆ ಒಂದು ಕಿಟ್ ಇತ್ತು, ಎರಡು ಕಿಟ್ ಕೆಟ್ಟು ಒಂದು ವರ್ಷವಾಗಿತ್ತು' ಎಂದು ಬರೆದರೆ ಅದು ಮಾಹಿತಿ. ಸರಿಪಡಿಸಲು ಏನು ಬೇಕು, ಎಷ್ಟು ಬೇಕು ಎಂಬುದು ಅದರಲ್ಲೇ ಇದೆ. ವಿಷಯ, ಸೆಮಿಸ್ಟರು, ಸಂಖ್ಯೆ ಈ ಮೂರೂ ಇರಲಿ. ಕೆಟ್ಟದ್ದರ ಜೊತೆ ಒಳ್ಳೆಯದನ್ನೂ ಹೆಸರಿಸಿ ಬರೆಯಿರಿ. ಬಿಗಿ ಅಧ್ಯಾಪಕರ ಬೆಲೆ ಮೂರು ವರ್ಷದ ನಂತರ ತಿಳಿಯಿತು ಎಂದಾದರೆ ಅದನ್ನು ಹೇಳುವ ಜಾಗ ಇದೊಂದೇ. ವ್ಯಕ್ತಿಯ ರೂಪ, ಮಾತಿನ ಧಾಟಿ, ಜಾತಿ ಊರುಗಳ ಬಗ್ಗೆ ಕೊಂಕು ಬೇಡ. ನಿಮ್ಮ ಮಾತಿನ ತೂಕವನ್ನು ನೀವೇ ಕಳೆದುಕೊಂಡಂತಾಗುತ್ತದೆ.

ಕಾಲೇಜುಗಳು ಮಾಡಬೇಕಾದ ಕೆಲಸವೂ ದೊಡ್ಡದೇನಲ್ಲ, ಖರ್ಚಿನದಂತೂ ಅಲ್ಲವೇ ಅಲ್ಲ. ನಮೂನೆಯಿಂದ ಹೆಸರು ಸಂಖ್ಯೆಗಳನ್ನು ತೆಗೆದುಹಾಕುವುದು. ಫಲಿತಾಂಶ ಬಂದಮೇಲೆ ತುಂಬಿಸುವುದು. ಎಲ್ಲಕ್ಕೂ ಒಂದೇ ಅಂಕ ಬಂದ ಹಾಳೆಗಳು ಎಷ್ಟು ಎಂದು ಎಣಿಸಿ, ಅಷ್ಟು ಮಂದಿಗೆ ನಮ್ಮ ಮೇಲೆ ನಂಬಿಕೆ ಇಲ್ಲವೆಂದು ತಿಳಿದುಕೊಳ್ಳುವುದು. ಸರಾಸರಿಯ ಜೊತೆಗೆ ಒಂದು ಅಂಕ ಕೊಟ್ಟವರು ಎಷ್ಟು ಮಂದಿ ಎಂಬುದನ್ನೂ ಬರೆಯುವುದು. ಓದು ಬಿಟ್ಟು ಹೋದವರಿಗೆ ಒಂದು ಫೋನು ಮಾಡಿ ಕಾರಣ ಕೇಳುವುದು. ಮರುವರ್ಷ ಹೊಸಬರು ಬಂದ ಮೊದಲ ವಾರದಲ್ಲೇ, ನಿಮ್ಮ ಹಿರಿಯರು ಇಂಥ ಮೂರು ಕೊರತೆ ಹೇಳಿದ್ದರು, ಇವುಗಳಲ್ಲಿ ಇಂಥದ್ದನ್ನು ಸರಿಪಡಿಸಿದ್ದೇವೆ, ಇಂಥದ್ದು ಇನ್ನೂ ಆಗಿಲ್ಲ ಎಂದು ಎದುರು ನಿಂತು ಹೇಳುವುದು. ಹಾಗೆ ಹೇಳಿಸಿಕೊಂಡ ಮಕ್ಕಳು ನಾಲ್ಕು ವರ್ಷದ ನಂತರ ತಮ್ಮ ಸರದಿ ಬಂದಾಗ ಸುಳ್ಳು ಬರೆಯಲಾರರು.

ಮಕ್ಕಳ ಅಂಕಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಎರಡೆರಡು ಸಲ ನೋಡುವವರು ನಾವು. ಮಕ್ಕಳು ಕಾಲೇಜಿಗೆ ಕೊಟ್ಟ ಅಂಕಪಟ್ಟಿಯನ್ನೂ ಒಂದು ಸಲ ಕೇಳಿ ಪಡೆದು ನೋಡೋಣ. ಫೀ ಕಟ್ಟುವ ಮೊದಲೇ ನೋಡಿದರೆ ಇನ್ನೂ ಒಳ್ಳೆಯದು.